ಎರಡು ಸಲ ದುಡಿಯುವ ಹಬೆ

"ಬರಿಗೈ ಹಾಕ್ಬೇಡ ಅಂತ ಎಷ್ಟು ಸಲ ಹೇಳೋದು ನಿನಗೆ, ಬೇವರ್ಸಿ? ನಿಮ್ಮಂಥವರ ಕೈ ತಾಗಿದ್ರೆ ಹಿತ್ತಾಳೆಯೂ ಕಪ್ಪಾಗ್ತದೆ."

ಧನಿ ಗದರಿದ್ದೇ ದೇಯಿ ಕೈ ಹಿಂದಕ್ಕೆ ತೆಗೆದಳು. ಬೆರಳ ಸಂದಿಯಲ್ಲಿ ಹುಣಸೆಹುಳಿ ಅಂಟಿಕೊಂಡೇ ಇತ್ತು. ಇಂಜಿನಿನ ಒಂದು ಬದಿಯ ಚಕ್ರಗಳು ಹೊಳೆಯುತ್ತಿದ್ದವು. ಇನ್ನೊಂದು ಬದಿ ಉಜ್ಜಲು ಬಾಕಿ ಇತ್ತು.

ಬೈಕಂಪಾಡಿಯ ಆ ಆಫೀಸಿನ ಮುಂದಿನ ಕೋಣೆಯಲ್ಲಿ ಒಂದು ಬೆಂಚಿನಷ್ಟು ಉದ್ದದ ರೈಲು ಇಂಜಿನ್ ಗಾಜಿನ ಪೆಟ್ಟಿಗೆಯೊಳಗೆ ನಿಂತಿತ್ತು. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಬೆಟ್ಟಗಳಲ್ಲಿ ತಾಮ್ರದ ಅದಿರು ಎಳೆಯುತ್ತಿದ್ದ ಇಂಜಿನುಗಳ ಮಾದರಿ. ಧನಿ ಮೋಹನದಾಸರು ಆಸೆಪಟ್ಟು ಮಾಡಿಸಿ ತರಿಸಿದ್ದು. ಬಂದರಿನ ಹಳಿಯಲ್ಲಿ ಗೂಡ್ಸು ರೈಲಿನ ಕಲ್ಲಿದ್ದಲು ಇಳಿಸುವ ಕಂತ್ರಾಟು ಅವರದು. ದೇಯಿಯ ಗಂಡ ತನಿಯ ಅಲ್ಲೇ ಹದಿನಾರು ವರ್ಷ ಕಲ್ಲಿದ್ದಲು ಎಳೆದವನು. ಎರಡು ತಿಂಗಳ ಹಿಂದೆ ವ್ಯಾಗನಿನ ಅಡಿಗೆ ಸಿಕ್ಕಿ ಸತ್ತ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನವೇ ಧನಿ ದೇಯಿಯನ್ನು ಕರೆಸಿ ಆಫೀಸು ಗುಡಿಸುವ ಕೆಲಸ ಕೊಟ್ಟರು. ಜನ ಅವರನ್ನು ಹೊಗಳಿದರು.

ಮಗಳು ಸಂಚಿತಾ ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡೇ ಗಾಜಿನ ಬಳಿ ಕುಕ್ಕುರುಗಾಲಲ್ಲಿ ಕೂತು ಚಕ್ರ ಎಣಿಸುತ್ತಿದ್ದಳು. ನಾಲ್ಕನೇ ಕ್ಲಾಸು. ಶಾಲೆ ಒಂಬತ್ತೂವರೆಗೆ, ತಾಯಿಯ ಕೆಲಸ ಏಳಕ್ಕೆ. ಮನೆಯಲ್ಲಿ ಬಿಟ್ಟು ಬರಲು ಈಗ ಯಾರಿದ್ದಾರೆ?

"ಅಮ್ಮಾ, ಇದರೊಳಗೆ ಜನ ಯಾಕೆ ಇಲ್ಲ?"

"ಸುಮ್ಮನೆ ಕೂತ್ಕೊ ಬಾಲೆ. ಜಡೆ ಬಿಚ್ಚಿದೆ, ಬಾ ಇಲ್ಲಿ."

ದೇಯಿ ಕೈ ತೊಳೆದು, ಸೆರಗಿಗೆ ಒರೆಸಿ, ಮಗಳ ಜಡೆಗೆ ಮತ್ತೆ ರಿಬ್ಬನ್ ಕಟ್ಟಿದಳು. ಅಷ್ಟರಲ್ಲಿ ಧನಿಯ ಮಗ ಶೋಭಿತ್ ಕಾರಿನ ಕೀಲಿ ತಿರುಗಿಸುತ್ತಾ ಒಳಗೆ ಬಂದ.

"ದೇಯಿ, ಒಂಬತ್ತಕ್ಕೆ ನಿನ್ನ ಗಂಡನ ಕೇಸು ವಿಚಾರಿಸ್ಲಿಕ್ಕೆ ಸರಕಾರದ ಸಾಹೇಬ್ರು ಬರ್ತಾರೆ. ಎಂತ ಹೇಳ್ಬೇಕು ಗೊತ್ತುಂಟಲ್ಲ?"

"ಗೊತ್ತುಂಟು."

"ಹೇಳು ನೋಡುವ."

"ಅವರು ಎರಡು ಗಂಟೆಗೆ ಮನೆಗೆ ಬಂದ್ರು. ಊಟ ಮಾಡಿದ್ರು. ಕುಡಿದ್ರು. ಮತ್ತೆ ಅವರಷ್ಟಕ್ಕೆ ಹಳಿ ದಾಟ್ಲಿಕ್ಕೆ ಹೋದ್ರು."

"ಕುಡಿದ್ರು ಅನ್ನೋದನ್ನು ಸ್ವಲ್ಪ ಗಟ್ಟಿ ಹೇಳು ಮಾರಾಯ್ತಿ. ಗಂಜಿ ಕುಡಿದ ಹಾಗೆ ಹೇಳ್ತೀಯಲ್ಲ!" ಶೋಭಿತ್ ನಕ್ಕ. "ಹೇಳದಿದ್ರೆ ನಾಳೆಯಿಂದ ಈ ಪೊರಕೆಯೂ ಇಲ್ಲ, ನೀವಿರುವ ಲೈನುಮನೆಯ ಆ ಕೋಣೆಯೂ ಇಲ್ಲ. ಗೊತ್ತುಂಟಲ್ಲ?"

"ಗೊತ್ತುಂಟು."

ತನಿಯ ಕುಡಿಯುತ್ತಿರಲಿಲ್ಲ. ಅದನ್ನು ಹೇಳಬೇಕೆಂದೂ ದೇಯಿಗೆ ಅನಿಸಲಿಲ್ಲ. ಈ ಎರಡು ತಿಂಗಳಲ್ಲಿ ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಅನ್ನಕ್ಕಿಟ್ಟ ನೀರು ಕುದಿದು ಬತ್ತಿ, ಪಾತ್ರೆ ಸುಟ್ಟ ವಾಸನೆ ಬಂದ ಮೇಲೆ ಸಂಚಿತಾ ಬಂದು ಒಲೆ ಆರಿಸುತ್ತಿದ್ದಳು.

ಬಂದರಿನ ಗೇಟಿನಲ್ಲಿ ಏನು ನಡೆಯುತ್ತದೆಂದು ಲೈನುಮನೆಯ ಎಲ್ಲರಿಗೂ ಗೊತ್ತಿತ್ತು. ಬೆಳಗಿನ ಪಾಳಿ ಮುಗಿದ ಎರಡು ಗಂಟೆಗೆ ತನಿಯ ಹೊರಗೆ ಹೋದನೆಂದು ಪುಸ್ತಕದಲ್ಲಿ ಬರೆದು, ಅವನ ಪಾಸು ಗೇಟಿನ ಮೊಳೆಗೆ ಹೋಗುತ್ತಿತ್ತು. ಆನ್ಸನ್ ಎಂಬವನ ಪಾಸು ಮೊಳೆಯಿಂದಿಳಿದು ತನಿಯನ ಕುತ್ತಿಗೆಗೆ ಬರುತ್ತಿತ್ತು. ಆನ್ಸನ್ ಗಲ್ಫಿಗೆ ಹೋಗಿ ವರ್ಷ ಕಳೆದಿತ್ತು. ಪಾಸು ಮಾತ್ರ ಇಲ್ಲೇ ದುಡಿಯುತ್ತಿತ್ತು. ಎರಡನೇ ಪಾಳಿ ಬೇಡವೆಂದವನಿಗೆ ಮರುದಿನ ಮೊದಲನೆಯದೂ ಇಲ್ಲ. ಸತ್ತ ಆ ಆದಿತ್ಯವಾರ ಸಂಜೆ ಐದಕ್ಕೆ, ಸಿಕ್ಕಿಹಾಕಿಕೊಂಡ ತಳದ ಬಾಗಿಲು ಬಿಡಿಸಲು ತನಿಯ ವ್ಯಾಗನಿನ ಅಡಿಗೆ ನುಸುಳಿದ. ಆಚೆ ತುದಿಯಿಂದ ಇಂಜಿನ್ ತಳ್ಳಿತು. ಗೇಟಿನ ಪುಸ್ತಕದ ಪ್ರಕಾರ ಆ ಹೊತ್ತಿಗೆ ತನಿಯ ಒಳಗೆ ಇರಲೇ ಇಲ್ಲ. ಅವನ ಪಾಸನ್ನು ಮರುದಿನ ಯಾರೋ ಮನೆಗೆ ತಂದುಕೊಟ್ಟರು. ಒಂದು ತೊಟ್ಟೂ ರಕ್ತ ತಾಗಿರಲಿಲ್ಲ.

ಸಾಹೇಬರು ಹೇಳಿದ ಹೊತ್ತಿಗೇ ಬಂದರು. ಕೂರುವ ಮೊದಲೇ ಅವರ ಕಣ್ಣು ಗಾಜಿನ ಪೆಟ್ಟಿಗೆಯ ಮೇಲೆ ಬಿತ್ತು. ಧನಿಯ ಮುಖ ಅರಳಿತು.

"ಇದರ ಮಜಾ ಎಂತ ಗೊತ್ತುಂಟಾ ಸರ್? ಬೇರೆ ಇಂಜಿನಿನಲ್ಲಿ ಹಬೆ ಒಮ್ಮೆ ಕೆಲಸ ಮಾಡಿ ಹೊರಗೆ ಹೋಗ್ತದೆ, ವೇಸ್ಟ್. ಇದರಲ್ಲಿ ಹಾಗೆ ಬಿಡ್ಲಿಕ್ಕಿಲ್ಲ. ಹಿಂದಿನ ಸಣ್ಣ ಸಿಲಿಂಡರಲ್ಲಿ ದುಡಿದ ಹಬೆಯನ್ನೇ ಪೈಪಲ್ಲಿ ಮುಂದಿನ ದೊಡ್ಡ ಸಿಲಿಂಡರಿಗೆ ಕಳಿಸಿ ಪುನಃ ದುಡಿಸೋದು. ಅದೇ ಹಬೆ, ಎರಡು ಡ್ಯೂಟಿ! ಇಡೀ ಬೆಟ್ಟವನ್ನೇ ಎಳ್ಕೊಂಡು ಬರ್ತಿತ್ತಂತೆ."

"ಭಾರೀ ತಲೆ ಮಾರಾಯ್ರೆ," ಎಂದರು ಸಾಹೇಬರು.

ಚಾ ಬಂತು. ಸಾಹೇಬರು ಕುರ್ಚಿಯಲ್ಲಿ ಕೂತು ಫೈಲು ಬಿಚ್ಚಿದರು. ದೇಯಿ ಗೋಡೆಗೆ ತಾಗಿ ನಿಂತಳು. ಸಂಚಿತಾ ಗಾಜಿನ ಬಳಿಯಿಂದ ಏಳಲಿಲ್ಲ. ಹಿಂದಿನ ಸಿಲಿಂಡರಿನಿಂದ ಮುಂದಿನದಕ್ಕೆ ಹೋಗುವ ಪೈಪನ್ನು ಗಾಜಿನ ಮೇಲೆಯೇ ಬೆರಳಿಟ್ಟು ಹಿಂಬಾಲಿಸುತ್ತಿದ್ದಳು.

"ನಿಮ್ಮ ಗಂಡ ಆ ದಿನ ಎರಡು ಗಂಟೆಗೆ ಮನೆಗೆ ಬಂದದ್ದು ಹೌದಾ ಅಮ್ಮ?"

"ಹೌದು."

"ಕುಡಿದಿದ್ರಾ?"

ಶೋಭಿತ್ ಗಂಟಲು ಸರಿಮಾಡಿಕೊಂಡ.

"ಹೌದು."

ಸಾಹೇಬರು ಬರೆದುಕೊಂಡರು. ಫ್ಯಾನಿನ ಗಾಳಿಗೆ ಕಾಗದ ಏಳುತ್ತಿತ್ತು, ಅದರ ಮೇಲೆ ಚಾದ ಗ್ಲಾಸಿಟ್ಟರು. "ಇಲ್ಲೊಂದು ಸೈನ್ ಮಾಡಿ, ಮುಗೀತು." ಪೆನ್ನು ದೇಯಿಯ ಕೈಗೆ ಬಂತು. ಸಹಿ ಹಾಕಲು ಕಲಿಸಿದವಳು ಸಂಚಿತಾಳೇ. ಕಳೆದ ಮಳೆಗಾಲದಲ್ಲಿ, ಸ್ಲೇಟಿನ ಮೇಲೆ, ಕೈ ಹಿಡಿದು.

"ಧನೀ," ಎಂದಿತು ಮಗು.

ಎಲ್ಲರೂ ತಿರುಗಿದರು.

"ಹೊತ್ತಾಯ್ತು, ಶಾಲೆಗೆ ಹೋಗು," ಎಂದರು ಧನಿ. ದನಿ ಮೆತ್ತಗಿತ್ತು. "ಶೋಭಿತ್, ಕಾರಲ್ಲಿ ಬಿಟ್ಟು ಬಾ ಅದನ್ನು."

"ಆ ಆದಿತ್ಯವಾರ ಮೂರು ಗಂಟೆಗೆ ನಾನು ಅಪ್ಪನಿಗೆ ಗಂಜಿ ತಕೊಂಡು ಗೇಟಿಗೆ ಹೋಗಿದ್ದೆ."

ಈ ಮಾತು ಮಗಳ ಬಾಯಲ್ಲಿ ಎರಡು ತಿಂಗಳಿಂದ ಇತ್ತೆಂದು ದೇಯಿಗೆ ಗೊತ್ತಿತ್ತು. ರಾತ್ರಿ ಪಕ್ಕದಲ್ಲಿ ಮಲಗಿದಾಗ ಮಗು ಬಾಯಿ ತೆರೆದ ಪ್ರತಿ ಸಲವೂ ಅವಳು ಬೆನ್ನು ತಟ್ಟಿ, ತಟ್ಟಿ, ಮಲಗಿಸಿದ್ದಳು. ಈಗಲೂ ಅವಳ ಕೈ ಮಗಳ ಬಾಯಿಯತ್ತ ಎದ್ದಿತು. ಬೆರಳಲ್ಲಿ ಇನ್ನೂ ಹುಳಿಯ ವಾಸನೆ ಇತ್ತು.

ಎದ್ದ ಕೈ ಅರ್ಧದಲ್ಲೇ ನಿಂತಿತು. ಮತ್ತೆ ಕೆಳಗಿಳಿದು, ಪೆನ್ನನ್ನು ಸಹಿ ಇಲ್ಲದ ಕಾಗದದ ಮೇಲಿಟ್ಟಿತು.

"ಧನಿಯನ್ನೇ ಕೇಳು ಬಾಲೆ," ಎಂದಳು ದೇಯಿ.

"ಅಪ್ಪನ ಕುತ್ತಿಗೆಯಲ್ಲಿ ಆನ್ಸನ್ ಮಾಮನ ಪಾಸು ಯಾಕೆ ಇತ್ತು ಧನೀ?"