ಕಣಿವೆಗೆ ಬಂದ ದನಿ

ಬೆಟ್ಟದ ಮೇಲಿನ ಆ ಬಿಳಿ ಬೋಗುಣಿ ಊರಿನ ಯಾವ ಬೀದಿಯಲ್ಲಿ ನಿಂತರೂ ಕಾಣುತ್ತಿತ್ತು. ನಕ್ಷತ್ರಗಳಿಂದ ಬರುವ ರೇಡಿಯೋ ಅಲೆಗಳನ್ನು ಆಲಿಸಲೆಂದು ಕಟ್ಟಿದ್ದು ಅದು. ಅದರ ಕಿವಿಗೆ ಅಡಚಣೆಯಾಗಬಾರದೆಂದು ಸುತ್ತಮುತ್ತ ಎಲ್ಲಿಯೂ ದೂರ ಮುಟ್ಟುವ ವೈರ್‌ಲೆಸ್ ಬಳಸುವಂತಿರಲಿಲ್ಲ. ಆಂಬುಲೆನ್ಸಿನಲ್ಲಿದ್ದ ಹಳೆಯ ಸೆಟ್ಟಿನ ದನಿ ಆಸ್ಪತ್ರೆಯ ಗೇಟನ್ನು ದಾಟಿದರೆ ಅದೇ ಹೆಚ್ಚು.

ಆ ಸೆಟ್ಟನ್ನು ಬದಲಿಸಲೆಂದೇ ನನ್ನನ್ನು ಅಲ್ಲಿಗೆ ಕಳುಹಿಸಿದ್ದರು. ಚಾಲಕ ಗುಡುಸಾಬ ಮೊದಲ ದಿನವೇ ಕೇಳಿದ: "ಹೊಸಾದು ಹಾಕ್ತೀರಿ ಖರೆ ಸಾಹೇಬ್ರ, ಮಾತಾಡಾಕ ಬಿಡ್ತಾರೇನು?"

ಹಿಂದಿನ ವರ್ಷ ಕಲ್ಲುಗಣಿಯಿಂದ ಗಾಯಾಳುವೊಬ್ಬನನ್ನು ತರುವಾಗ ಕಣಿವೆಯ ತಿರುವಿನಲ್ಲಿ ಗಾಡಿಯ ಅಚ್ಚು ಮುರಿದಿತ್ತು. ಗುಡುಸಾಬ ಸಹಾಯಕ್ಕಾಗಿ ಮೂರು ಮೈಲಿ ಓಡಿದ್ದ. ಜನರೊಂದಿಗೆ ಮರಳುವಷ್ಟರಲ್ಲಿ ಗಾಯಾಳು ತಣ್ಣಗಾಗಿದ್ದ. "ಸೆಟ್ಟು ಕೈಯಾಗ ಇತ್ತ್ರೀ. ಕೂಗಿದ್ದ ಕೂಗಿದ್ದು, ಯಾರಿಗೂ ಕೇಳಲಿಲ್ಲ," ಎಂದು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಅನುಮತಿ ಕೊಡಬೇಕಾದವರು ವೀಕ್ಷಣಾಲಯದ ಮುಖ್ಯಸ್ಥೆ ಅನಸೂಯಾ. ನನ್ನ ನಕ್ಷೆಯಲ್ಲಿದ್ದ ಎತ್ತರದ ಗೋಪುರವನ್ನು ನೋಡಿದವರೇ ಆಗದೆಂದು ತಲೆಯಾಡಿಸಿದರು. "ನಾವು ಪಿಸುಮಾತಿಗೆ ಕಿವಿಗೊಟ್ಟು ಕೂತವರು. ನೀವು ನಗಾರಿ ಬಾರಿಸುತ್ತೀನಿ ಅಂತೀರಿ."

"ಅಲ್ಲಿ ಮನುಷ್ಯರು ಸಾಯ್ತಿದ್ದಾರೆ, ಮೇಡಂ," ಎಂದೆ. ಆ ತಿರುವಿನಲ್ಲಿ ಸತ್ತ ಗಾಯಾಳುವಿನ ಕಥೆ ಹೇಳುವಾಗ ನನ್ನ ದನಿ ಬಿರುಸಾಗಿಯೇ ಇತ್ತು. ಅವರು ನಕ್ಷೆಯನ್ನು ಮಡಚಿ ನನ್ನ ಕೈಗಿತ್ತರು. ಕಟುಕಿ ಎಂದುಕೊಂಡು ಬೆಟ್ಟ ಇಳಿದೆ.

ಮರುದಿನ ಬೆಳಿಗ್ಗೆ ಅವರು ಆಸ್ಪತ್ರೆಯ ಅಂಗಳದಲ್ಲಿ ನಿಂತಿದ್ದರು, ಹೆಗಲಿಗೆ ಅಳತೆಯ ಯಂತ್ರ, ಕಾಲಿಗೆ ಕ್ಯಾನ್ವಾಸ್ ಬೂಟು. "ಆ ತಿರುವು ತೋರಿಸಪ್ಪ," ಎಂದು ಗುಡುಸಾಬನಿಗೆ ಹೇಳಿ ಗಾಡಿ ಹತ್ತಿದರು.

ಹನ್ನೊಂದು ದಿನ ನಾವು ಮೂವರೂ ಆ ಕಣಿವೆಯನ್ನು ನಡೆದು ಅಳೆದೆವು. ಎಲ್ಲೆಲ್ಲಿ ನಿಂತರೆ ಬೋಗುಣಿ ಗುಡ್ಡದ ಮರೆಗೆ ಸರಿಯುವುದೋ ಅಲ್ಲೆಲ್ಲ ಒಂದು ಗೂಟ ನೆಟ್ಟೆವು. ಗೋಪುರದ ಬದಲು ಆಳೆತ್ತರದ ಕಂಬಗಳು, ಬೆಟ್ಟಕ್ಕೆ ಬೆನ್ನು ಹಾಕಿದ ಆಂಟೆನಾಗಳು. ಅಲ್ಲಿಂದ ಆಸ್ಪತ್ರೆಯವರೆಗೆ ನೆಲದಡಿಯ ತಂತಿ. ನನಗೆ ಹೊಳೆಯದ ದಾರಿ ಅವರಿಗೆ ಹೊಳೆದಿತ್ತು.

ಗಣಿಯ ಬಳಿ ಮಾತ್ರ ಮರೆಯಿರಲಿಲ್ಲ. ಅಲ್ಲಿ ಸೆಟ್ಟಿನಲ್ಲಿ ಬಾಯಿ ತೆರೆದರೆ ಅದರ ಅಲೆ ನೇರ ಬೋಗುಣಿಗೇ ಬಡಿಯುತ್ತಿತ್ತು. ಅನಸೂಯಾ ಅನುಮತಿ ಪತ್ರದಲ್ಲಿ, "ಜೀವಕ್ಕೆ ಅಪಾಯವಿದ್ದಾಗ ಮಾತಾಡಲಿ," ಎಂದು ಬರೆದು ಸಹಿ ಹಾಕಿದರು. ಮೇಲಧಿಕಾರಿಗಳು ಒಂದು ಷರತ್ತಿನ ಮೇಲೆ ಒಪ್ಪಿದರು: ಬೇಡವೆನಿಸಿದಾಗ ಗಣಿಯ ಕಂಬವನ್ನು ಸುಮ್ಮನಾಗಿಸುವ ಒಂದು ಸ್ವಿಚ್ಚು ಅನಸೂಯಾ ಅವರ ಕೋಣೆಯಲ್ಲಿರಬೇಕು. ಒಲ್ಲದ ಮನಸ್ಸಿನಿಂದ ಅದನ್ನು ನಾನೇ ಜೋಡಿಸಿದೆ.

ಎರಡು ತಿಂಗಳ ಬಳಿಕ, ಒಂದು ಮಧ್ಯಾಹ್ನ, ಆಸ್ಪತ್ರೆಯ ಸೆಟ್ಟಿನಲ್ಲಿ ಗುಡುಸಾಬನ ದನಿ ಸಿಡಿಯಿತು. "ಗಣಿಯಾಗ ಬಂಡೆ ಉರುಳೇತ್ರೀ! ದುರ್ಗವ್ವ ಅಂತ, ತೊಡಿ ಜಜ್ಜೇತಿ, ರಕ್ತ ನಿಲ್ಲವಲ್ದು!"

ವೈದ್ಯರು ಸೆಟ್ಟಿನ ಮುಂದೆ ಬಾಗಿದರು. "ಗಾಯದ ಮ್ಯಾಲೆ ಬಟ್ಟಿ ಬಿಗಿ. ಇನ್ನೂ ಬಿಗಿ. ಕೈ ತೆಗೀಬ್ಯಾಡ." ಹದಿನಾಲ್ಕು ನಿಮಿಷ ಆ ಮಾತು ನಡೆಯಿತು. ಬೆಟ್ಟದ ಮೇಲಿನ ಸ್ವಿಚ್ಚು ಯಾವ ಗಳಿಗೆಯಲ್ಲಿ ಸಂಪರ್ಕ ಕಡಿಯುವುದೋ ಎಂದು ನಾನು ಗಡಿಯಾರವನ್ನೇ ನೋಡುತ್ತಿದ್ದೆ. ಕಡಿಯಲಿಲ್ಲ. ಸಂಜೆಯ ಹೊತ್ತಿಗೆ ದುರ್ಗವ್ವ ಕಣ್ಣು ತೆರೆದು ನೀರು ಕೇಳಿದಳು.

ಸುದ್ದಿ ಹೇಳಲು ಬೆಟ್ಟ ಹತ್ತಿದೆ. ಕೋಣೆಯಲ್ಲಿ ಸಹಾಯಕರಿಬ್ಬರು ಮಂಕಾಗಿ ಕೂತಿದ್ದರು. ಅವರಲ್ಲೊಬ್ಬ ನನಗೆ ತಗ್ಗಿದ ದನಿಯಲ್ಲಿ ಹೇಳಿದ: "ಚಂದ್ರ ಒಂದು ದೂರದ ನಕ್ಷತ್ರದ ಮುಂದೆ ಹಾಯುವ ಹೊತ್ತಿಗೇ ಗಣಿಯ ಮಾತು ಶುರುವಾಯಿತು. ಮೇಡಂ ಆ ಗಳಿಗೆಗೆ ಹನ್ನೊಂದು ವರ್ಷದಿಂದ ಕಾದಿದ್ದರು. ಇನ್ನು ಹತ್ತೊಂಬತ್ತು ವರ್ಷ ಬರೋದಿಲ್ಲ. ಸ್ವಿಚ್ಚು ಕೈಯಳತೆಯಲ್ಲೇ ಇತ್ತು. ನಾನು ಎದ್ದಾಗ ಕೂತ್ಕೋ ಅಂದರು."

ಅನಸೂಯಾ ತಿರುಗಿ ನೋಡಿದರು. "ಗಾಯಾಳು?"

"ಬದುಕಿದಳು, ಮೇಡಂ."

"ಹೆಸರೇನು?"

ಹೇಳಿದೆ. ಯಂತ್ರದಿಂದ ಹೊರಬಿದ್ದ ಕಾಗದದ ಸುರುಳಿಯಲ್ಲಿ ಹದಿನಾಲ್ಕು ನಿಮಿಷಗಳ ಗೀಟು ಹುಚ್ಚೆದ್ದು ಅಂಚಿನಿಂದ ಅಂಚಿಗೆ ಜಿಗಿದಿತ್ತು. ಅವರು ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ದುಂಡಗೆ ಬರೆದರು: 'ದುರ್ಗವ್ವ. ಬದುಕಿದ್ದಾಳೆ.' ಕಾಗದ ಅವರ ಬೆರಳಡಿಯಿಂದ ಮೆಲ್ಲನೆ ಮುಂದಕ್ಕೆ ಸರಿಯಿತು.