ಚಿಲಕ ಹಾಕಿದ ಮಧ್ಯಾಹ್ನ

ಬೀಗ ರಿಪೇರಿಯವನ ಮನೆಗೆ ಹಗಲುಹೊತ್ತು ಚಿಲಕವಿಲ್ಲ ಎಂದರೆ ಯಾರಾದರೂ ನಕ್ಕಾರು. ನಮ್ಮ ಮನೆಯ ಮಟ್ಟಿಗೆ ಅದು ನಿಜ. ನನ್ನ ಹೆಂಡತಿಯ ಕಟ್ಟಪ್ಪಣೆ ಅದು. ಮಧ್ಯಾಹ್ನದ ಊಟ ಮುಗಿಯುವ ತನಕ ಬಾಗಿಲು ಅರ್ಧ ತೆರೆದೇ ಇರಬೇಕು, ಅಕ್ಕಿ ಅಳೆಯುವಾಗ ನಮಗೆ ಬೇಕಾದಷ್ಟರ ಮೇಲೆ ಇನ್ನೊಂದು ಹಿಡಿ ಬೀಳಬೇಕು. ಯಾರಿಗೆ ಎಂದು ಕೇಳಿದರೆ, "ಕಳಿಸೋನು ಕಳಿಸ್ತಾನೆ, ನಿಮಗ್ಯಾಕೆ ಚಿಂತೆ?" ಎನ್ನುತ್ತಿದ್ದಳು.

ಕಳಿಸುತ್ತಲೂ ಇದ್ದ. ಪೇಪರಿನವನು, ಮೆಟ್ಟಿಲು ಗುಡಿಸುವವಳು, ಮೀಟರ್ ನೋಡಲು ಬಂದವನು, ಯಾರೋ ಒಬ್ಬರು ಬಂದು ಕೂತು ಉಣ್ಣುತ್ತಿದ್ದರು. ನಾನು ಬಾಗಿಲಿಗೆ ಬೆನ್ನು ಹಾಕಿ ಕೂತು, ತಟ್ಟೆಯಿಂದ ತಲೆ ಎತ್ತದೆ, ಇದೇನು ಮನೆಯೋ ಛತ್ರವೋ ಎಂದು ಗೊಣಗುತ್ತಿದ್ದೆ. ಅವಳು ನಕ್ಕು ಇನ್ನೊಂದು ತಟ್ಟೆ ಹಾಕುತ್ತಿದ್ದಳು.

ಅವಳು ತೀರಿಹೋದ ಮೇಲೆ ಒಂದು ನರಪಿಳ್ಳೆಯೂ ಇತ್ತ ಸುಳಿಯಲಿಲ್ಲ. ನಾನೋ ಹಟಕ್ಕೆ ಬಿದ್ದವನಂತೆ, ಅಂಗಡಿ ಮುಚ್ಚಿ ಬಂದು ಅನ್ನಕ್ಕಿಡುವಾಗ ಆ ಒಂದು ಹಿಡಿ ಹಾಕುತ್ತಲೇ ಇದ್ದೆ. ನನಗೆ ದೇವರ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಅವಳಿಗೆ ಅವನ ಮೇಲಿತ್ತು, ನನಗೆ ಅವಳ ಮೇಲಿತ್ತು, ಅಷ್ಟೆ. ಬಾಗಿಲು ತೆರೆದಿಟ್ಟು ನನ್ನ ಹಳೇ ಜಾಗದಲ್ಲೇ ಕೂತು ಉಣ್ಣುತ್ತಿದ್ದೆ. ಎದುರಿಗೆ ಅವಳ ಖಾಲಿ ಕುರ್ಚಿ. ಬೆನ್ನ ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಗುತ್ತಿತ್ತು, ಒಂದು ಗಳಿಗೆ ನಿಲ್ಲುತ್ತಿತ್ತು, ಮತ್ತೆ ಮೇಲೆ ಹೋಗುತ್ತಿತ್ತು. ಯಾರೋ ದಣಿವಾರಿಸಿಕೊಳ್ಳುತ್ತಾರೆ ಎಂದುಕೊಳ್ಳುತ್ತಿದ್ದೆ. ಮಾತಿಗೆ ಜನವಿಲ್ಲದೆ ನಾಲಿಗೆಗೆ ತುಕ್ಕು ಹಿಡಿದಿತ್ತು. ಉಳಿದ ಅನ್ನ ರಾತ್ರಿಗಾಗುತ್ತಿತ್ತು.

ಮೊನ್ನೆ ಸೆಕೆಗೆ ಆ ಅನ್ನ ಹಳಸಿತು. ಚೆಲ್ಲುವಾಗ ಪಿತ್ತ ನೆತ್ತಿಗೇರಿತು. ಅವಳ ಕೈಯಿಂದ ಒಂದು ಅಗುಳು ವ್ಯರ್ಥವಾದದ್ದನ್ನು ನಾನು ಕಂಡವನಲ್ಲ. ಅವಳಿದ್ದಾಗ ಮಾತ್ರ ಈ ಮನೆ ದಾರಿ ಗೊತ್ತಿತ್ತೇ ನಿನಗೆ ಎಂದು ಮೇಲಿನವನನ್ನು ಬಾಯಿಗೆ ಬಂದಂತೆ ಬೈದೆ. ಮರುದಿನ ಮಧ್ಯಾಹ್ನ ಒಬ್ಬನಿಗೆ ಎಷ್ಟು ಬೇಕೋ ಅಷ್ಟೇ ಅಕ್ಕಿ ಹಾಕಿದೆ. ಚಿಲಕ ಜಡಿದು ಊಟಕ್ಕೆ ಕೂತೆ. ತಟ್ಟೆಗೆ ಬಡಿಸಿಕೊಳ್ಳುವ ಮನಸ್ಸೇ ಬರಲಿಲ್ಲ. ಅವಳನ್ನು ನಾನೇ ಇನ್ನೊಂದು ಸಲ ಮನೆಯಿಂದ ಕಳಿಸಿಕೊಟ್ಟಂತಾಯಿತು.

ಅಷ್ಟರಲ್ಲಿ ಯಾರೋ ದಬದಬ ಬಾಗಿಲು ಬಡಿದರು. ತೆರೆದರೆ, ಮೇಲಿನ ಮನೆಗೆ ಹೊಸದಾಗಿ ಬಂದಿರುವ ನರ್ಸು. ಮುಖ ಪರಿಚಯವಷ್ಟೆ. ಆಸ್ಪತ್ರೆಯ ಬಟ್ಟೆಯಲ್ಲೇ ಏದುಸಿರು ಬಿಡುತ್ತ ನಿಂತಿದ್ದಳು. ಕೀ ಕಳೆದುಕೊಂಡು ಬಂದಿರಬೇಕೆಂದು ನಾನು ಸಾಮಾನಿನ ಚೀಲಕ್ಕೆ ಕೈ ಹಾಕಿದೆ.

"ನಿಮಗೇನೂ ಆಗಿಲ್ಲ ತಾನೆ ಅಂಕಲ್?" ಎಂದಳು. "ಬಾಗಿಲು ಹಾಕಿತ್ತಲ್ಲ, ಎದೆ ಧಸಕ್ಕಂತು."

ಬೆಳಗಿನ ಪಾಳಿ ಮುಗಿಸಿ ಅವಳು ದಿನಾ ಮೆಟ್ಟಿಲು ಹತ್ತುವುದು ಇದೇ ಹೊತ್ತಿಗಂತೆ. ನಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತು ಇಣುಕುತ್ತಾಳಂತೆ. ಬೆಳಗಿಂದ ನೋವು, ಸಾವು ನೋಡಿ ಬಂದ ಮೇಲೆ, ಒಬ್ಬರು ನೆಮ್ಮದಿಯಾಗಿ ಕೂತು ಉಣ್ಣುವುದನ್ನು ಕಂಡರೆ ತನಗೂ ಒಲೆ ಹಚ್ಚುವ ಮನಸ್ಸಾಗುತ್ತದಂತೆ. ಮನೆಯಲ್ಲಿ ಒಬ್ಬಳೇ. ಇಲ್ಲದಿದ್ದರೆ ಹಸಿದುಕೊಂಡೇ ಮಲಗಿಬಿಡುತ್ತಾಳಂತೆ. ನೆಮ್ಮದಿಯಂತೆ ನೆಮ್ಮದಿ! ಬರೀ ಬೆನ್ನು ನೋಡಿದವರಿಗೆ ಹಾಗೆ ಕಂಡೀತು.

"ಒಂದು ದಿನ ಒಳಗೆ ಬರಬಾರದಿತ್ತಾ ತಾಯಿ?"

"ಕರೀದೆ ಹೇಗೆ ಬರೋದು ಅಂಕಲ್? ನೀವು ತಿರುಗಿ ಕೂಡ ನೋಡ್ತಿರಲಿಲ್ಲ."

ನಾನು ಹೆಂಡತಿಯ ಕುರ್ಚಿ ನೋಡಿದೆ. ಅದರ ಮುಖ ಬಾಗಿಲ ಕಡೆಗಿತ್ತು. ಅಲ್ಲಿ ಕೂತು ಅವಳು ಉಣ್ಣುತ್ತಾ ಉಣ್ಣುತ್ತಾ, ನನ್ನ ತಲೆಯ ಮೇಲಿಂದ "ಬನ್ರಪ್ಪಾ, ಒಂದು ತುತ್ತು ತಿಂದು ಹೋಗಿ" ಎಂದು ಕೂಗುತ್ತಿದ್ದಳು. ಬಾಯುಪಚಾರದ ಮಾತೆಂದು ನಾನು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಕಳಿಸುವವನು ಈಗಲೂ ದಿನಾ ಕಳಿಸುತ್ತಿದ್ದ, ಬಾಗಿಲ ತನಕ. ಅಲ್ಲಿಂದ ಒಳಕ್ಕೆ ಕರೆಯುವುದು ಮನೆಯವರ ಕೆಲಸ. ನಾಚಿಕೆಯಾಯಿತು, ಕಣ್ಣೂ ತುಂಬಿ ಬಂತು.

ಮಾಡಿದ್ದು ಒಬ್ಬನಿಗಾಗುವಷ್ಟೇ. ಜಿಪುಣತನ ಮಾಡಲು ಇವತ್ತೇ ಆಗಬೇಕಿತ್ತೇ ನನಗೆ! ಅದನ್ನೇ ಎರಡು ತಟ್ಟೆಗೆ ಹಂಚಿದೆ. ನಿಮಗೆ ಸಾಲುವುದಿಲ್ಲ ಎಂದು ಅವಳು ಹಿಂಜರಿದರೂ ಬಿಡದೆ ನನ್ನ ಜಾಗದಲ್ಲಿ ಕೂರಿಸಿ, ನಾನು ಹೆಂಡತಿಯ ಕುರ್ಚಿಯಲ್ಲಿ ಕೂತೆ. ಬಾಗಿಲು ತೆರೆದೇ ಇತ್ತು.

ಉಣ್ಣುತ್ತಿರುವಾಗ ಮೆಟ್ಟಿಲ ಮೇಲೆ ಇನ್ಯಾರದೋ ಹೆಜ್ಜೆ ಸದ್ದಾಯಿತು. ಅನ್ನದ ಪಾತ್ರೆ ತಳ ಕಾಣುತ್ತಿತ್ತು.

"ಬನ್ರಪ್ಪಾ," ಎಂದು ಕೂಗಿದೆ, "ಒಂದು ತುತ್ತು ತಿಂದು ಹೋಗಿ."