ಎರಡನೇ ಬ್ಯಾಟರಿಯ ಕಾವಲು

ನನ್ನ ಗಂಡ ಗೊರಕೆ ಹೊಡೆಯುವಾಗ ನನಗೆ ಭಯವಿರಲಿಲ್ಲ. ಗೊರಕೆ ನಿಂತಾಗಲೇ ಭಯ. ಇದನ್ನು ಹೊಸದಾಗಿ ಮದುವೆಯಾದವಳು ಯಾರ ಹತ್ತಿರ ಹೇಳುವುದು?

ಕಮಲೇಶ್ ಬಂದರಿನ ಡಕ್ಕೆಯಲ್ಲಿ ಮೀನಿನ ವ್ಯಾಪಾರ ಮಾಡುವವರು. ನಸುಕಿಗೆ ಬೋಟುಗಳು ಮೀನು ಇಳಿಸುವಾಗ ಅಲ್ಲಿರಬೇಕು, ಆದ್ದರಿಂದ ಅವರ ನಿದ್ದೆಯೆಲ್ಲ ಹಗಲಿಗೆ. ನಾನು ಉರ್ವದ ನಮ್ಮ ಮನೆಯ ಜಗಲಿಯಲ್ಲಿ ಕೂತು ಬ್ಲೌಸ್ ಹೊಲಿಯುತ್ತೇನೆ. ಒಳಗೆ ಗೊರಕೆ, ಹೊರಗೆ ನನ್ನ ಹೊಲಿಗೆ ಮಿಶಿನ್. ಒಂದು ಹೊಲಿಗೆ ಮುಗಿದ ಕೂಡಲೇ ಕಾಲು ನಿಲ್ಲಿಸಿ ಒಳಗೆ ಕಿವಿ ಕೊಡುತ್ತಿದ್ದೆ. ಉಸಿರು ಕೇಳಿದರೆ ಮತ್ತೆ ತುಳಿಯುವುದು, ಕೇಳದಿದ್ದರೆ ಎದ್ದು ಹೋಗಿ ಭುಜ ಅಲುಗಿಸುವುದು. ಹೀಗೆ ಹೊಲಿದ ಬ್ಲೌಸುಗಳಲ್ಲಿ ಒಂದು ತೋಳು ಉದ್ದ, ಒಂದು ಗಿಡ್ಡ ಆದದ್ದೂ ಉಂಟು. ಗಿರಾಕಿಗಳಿಂದ ಬೈಸಿಕೊಂಡೆನೇ ಹೊರತು ಕಾರಣ ಹೇಳಲಿಲ್ಲ.

ಕೊನೆಗೆ ನಾನೇ ಜಗಳ ಮಾಡಿ ಅವರನ್ನು ಫಳ್ನೀರಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಇನ್ನು ಮಿಶಿನ್ ಹಾಕದೆ ಮಲಗುವಂತೆಯೇ ಇಲ್ಲ ಎಂದರು ಡಾಕ್ಟರು. ಮಿಶಿನ್ ಎಂದರೆ ದಿಂಬಿನ ಪಕ್ಕ ಇಡುವ ಒಂದು ಸಣ್ಣ ಪೆಟ್ಟಿಗೆ, ಅದರಿಂದ ಹೊರಟ ಉದ್ದನೆಯ ಪೈಪು, ಪೈಪಿನ ತುದಿಗೆ ಮೂಗು ಮುಚ್ಚುವ ಮಾಸ್ಕು. ನಿದ್ದೆಯಿಡೀ ಅದು ಗಾಳಿ ಊದುತ್ತಲೇ ಇರುತ್ತದೆ. ಗೊರಕೆ ಹೋಯಿತು, ಸುಯ್ ಎನ್ನುವ ಸದ್ದು ಬಂತು. ನಾನು ನೆಮ್ಮದಿಯಿಂದ ಇರಬೇಕಿತ್ತು. ಆದರೆ ಒಂದು ಹೊಲಿಗೆ ಮುಗಿದ ಕೂಡಲೇ ನನ್ನ ಕಾಲು ತಾನಾಗಿ ನಿಲ್ಲುವುದು ಮಾತ್ರ ನಿಲ್ಲಲಿಲ್ಲ.

ಮಿಶಿನ್ ಬಂದ ಮೇಲೆ ಜೀಪು ಮೂಲೆ ಸೇರಿತು. ಕಮಲೇಶ್‌ಗೆ ಇದ್ದ ಒಂದೇ ಹುಚ್ಚು ಆ ಹಳೆಯ ಜೀಪು. ಮಳೆಗಾಲ ಮುಗಿದರೆ ಸಾಕು, ಮುಖೇಶ್ ಮತ್ತು ಉಳಿದ ಗೆಳೆಯರ ಜೊತೆ ಘಟ್ಟ ಹತ್ತಿ, ಕೆಸರು ಕಲ್ಲು ಎಲ್ಲ ದಾಟಿ, ಗುಡ್ಡದ ಮೇಲೆ ಟೆಂಟು ಹಾಕಿ ಮಲಗಿ ಬರುತ್ತಿದ್ದರು. ಮೈಯಿಡೀ ಮಣ್ಣು ಮೆತ್ತಿಕೊಂಡು ಬಂದರೂ ಮುಖ ಮಾತ್ರ ಹಬ್ಬಕ್ಕೆ ಮಿಂದವರ ಹಾಗೆ ಇರುತ್ತಿತ್ತು. ಈಗ ಗುಡ್ಡದ ಮೇಲೆ ಕರೆಂಟು ಎಲ್ಲಿಂದ? ಜೀಪಿಗೆ ಟಾರ್ಪಾಲು ಬಿತ್ತು. ಮುಖೇಶ್ ಫೋನ್ ಮಾಡಿದಾಗಲೆಲ್ಲ ಇವರದು ಒಂದೇ ಸುಳ್ಳು, ಡಕ್ಕೆಯಲ್ಲಿ ಕೆಲಸ ಜೋರು ಅಂತ.

ಒಂದು ದಿನ ನನಗೆ ಸಿಟ್ಟು ಬಂತು. ಮಿಶಿನಿನ ವಿಷಯ ಗೆಳೆಯರಿಗೆ ಹೇಳಿದರೆ ಏನು ಕಳೆದುಕೊಳ್ಳುತ್ತೀರಿ ಎಂದು ಕೇಳಿಯೇ ಬಿಟ್ಟೆ.

"ಮೂಗಿಗೆ ಪೈಪು ಕಟ್ಟಿಕೊಂಡು ಮಲಗುವವನನ್ನು ಕಂಡು ಅವರು ನಗುವುದಿಲ್ವಾ?" ಎಂದರು ಕಮಲೇಶ್. "ಸೌಜನ್ಯ, ಸುಮ್ಮನಿರು ಮಾರಾಯ್ತಿ. ಜೀಪು ಮಾರುವುದು ಅಂತ ಮಾಡಿದ್ದೇನೆ."

ಮಾರುತ್ತೇನೆ ಎಂದವರು ಸಂಜೆ ಹೋಗಿ ಟಾರ್ಪಾಲು ಎತ್ತಿ ಜೀಪಿನ ಬಾಗಿಲು ಒರೆಸಿ ಬಂದರು. ಇವರು ಹೋಗಲಿ ಎಂಬ ಆಸೆಯೂ ನನ್ನದೇ, ಹೋಗದೆ ಕಣ್ಣೆದುರೇ ಇರಲಿ ಎಂಬ ಆಸೆಯೂ ನನ್ನದೇ. ಎರಡನ್ನೂ ಇಟ್ಟುಕೊಂಡು ಮಾವನ ಹತ್ತಿರ ಹೋದೆ.

ನನ್ನ ಮಾವ, ಕಮಲೇಶರ ಅಪ್ಪ ಬೂಬ, ಬೋಟುಗಳಿಗೆ ವಯರಿಂಗ್ ಮಾಡಿಯೇ ಮುದುಕರಾದವರು. ಮೀನುಗಾರಿಕೆಗೆ ರಜೆ ಇರುವ ಮಳೆಗಾಲದಲ್ಲಿ ಈಗಲೂ ಅವರು ಮನೆಯಲ್ಲಿ ಸಿಗುವುದಿಲ್ಲ, ಯಾವುದಾದರೂ ಬೋಟಿನ ಹೊಟ್ಟೆಯೊಳಗೆ ಇರುತ್ತಾರೆ. ನಾನು ಹೇಳಿದ್ದನ್ನೆಲ್ಲ ಕೇಳಿ, ಇದೇನು ದೊಡ್ಡ ವಿಷಯ ಎಂಬಂತೆ ಎಲೆಯಡಿಕೆ ಉಗಿದು ಬಂದರು. ಬೋಟಿನಲ್ಲಿ ಎರಡು ಬ್ಯಾಟರಿ ಇರುವುದು ಮತ್ತೆ ಯಾಕೆ? ಒಂದು ಎಂಜಿನ್ ಎಬ್ಬಿಸುವುದಕ್ಕೆ, ಅದನ್ನು ಬೇರೆ ಯಾವುದಕ್ಕೂ ಮುಟ್ಟಬಾರದು. ಇನ್ನೊಂದು ದೀಪ, ವಯರ್‌ಲೆಸ್, ಉಳಿದ ಸಂಸಾರಕ್ಕೆ. ಜೀಪಿಗೂ ಹಾಗೇ ಮಾಡಿದರೆ ಮಿಶಿನು ಗುಡ್ಡದ ಮೇಲೂ ಊದುತ್ತದೆ ಎಂದರು.

ಮರುದಿನವೇ ಅಂಗಳದ ಮಾವಿನ ಮರದಡಿ ಕೆಲಸ ಶುರುವಾಯಿತು. ಕಮಲೇಶ್ ಮೊದಲು ಮುಖ ಊದಿಸಿಕೊಂಡು ದೂರ ನಿಂತರು, ಆಮೇಲೆ ಹತ್ತಿರ ಬಂದು ಬ್ಯಾಟರಿ ಎತ್ತಿಕೊಟ್ಟರು, ಆಮೇಲೆ ಜೀಪಿನಡಿ ನುಸುಳಿ ವಯರು ಎಳೆದರು. ಹಿಂದಿನ ಸೀಟಿನ ಬದಿಗೆ ಮರದ ಪೆಟ್ಟಿಗೆ ಮಾಡಿ ಎರಡನೇ ಬ್ಯಾಟರಿ ಕೂರಿಸಿದ್ದಾಯಿತು. ವಯರಿನ ವಿಷಯಕ್ಕೆ ಬಂದರೆ ಮಾವನಿಗೆ ಜೀಪೂ ಒಂದು ಬೋಟೇ. ಗಾಡಿಗಳಲ್ಲಿ ಕಬ್ಬಿಣದ ಬಾಡಿಯೇ ಅರ್ತ್ ಆಗಿ ಕರೆಂಟು ವಾಪಸು ಒಯ್ಯುತ್ತದೆ, ಪ್ರತಿ ಸ್ವಿಚ್ಚಿಗೂ ಕಪ್ಪು ವಯರು ಬೇಡ ಎಂದು ಕಮಲೇಶ್ ಹೇಳಿದರೂ ಕೇಳಲಿಲ್ಲ. ಮರದ ಬೋಟಿನಲ್ಲಿ ಎರಡು ವಯರು ಎಳೆದ ಕೈ, ಇಲ್ಲಿಯೂ ಎರಡೇ ಎಳೆಯಿತು. ಉಪ್ಪುಗಾಳಿಗೆ ತುಕ್ಕು ಹಿಡಿಯದ ಹಾಗೆ ಪ್ರತಿ ಜಾಯಿಂಟಿಗೂ ಗ್ರೀಸು ಬಳಿದರು. ಗುಡ್ಡದ ಮೇಲೆ ಉಪ್ಪುಗಾಳಿ ಎಲ್ಲಿಂದ ಮಾವ ಎಂದು ನಾನು ತಮಾಷೆ ಮಾಡಿದೆ. ಜೀಪು ಮಲಗುವುದು ಉರ್ವದಲ್ಲಿ ಅಲ್ವಾ ಎಂದು ನನ್ನ ಬಾಯಿ ಮುಚ್ಚಿಸಿದರು.

ಡ್ರೈವರನ ಬದಿಗೆ ಸಾಲಾಗಿ ಸ್ವಿಚ್ಚುಗಳು ಬಂದವು. ಎದುರಿನ ದೊಡ್ಡ ದೀಪಗಳಿಗೆ, ಫ್ಯಾನಿಗೆ, ಸಣ್ಣ ಫ್ರಿಜ್ಜಿಗೆ, ಕೊನೆಯದು ಉಸಿರಿನ ಮಿಶಿನಿಗೆ. ಆ ಕೊನೆಯ ಸ್ವಿಚ್ಚಿನ ಸುತ್ತ ಮಾತ್ರ ಬಲೆಯ ನೂಲು ಸುತ್ತಿ ಗಂಟು ಹಾಕಿದರು, ಕತ್ತಲೆಯಲ್ಲಿ ಕೈಗೆ ಸಿಗಬೇಕಂತೆ. ಅದರ ಕೆಳಗೆ, ಬೋಟಿನಲ್ಲಿ ಇರುವಂಥದ್ದೇ ಒಂದು ಕೆಂಪು ತಿರುಗಣೆ. ಒಂದು ಕಡೆಗೆ ತಿರುಗಿಸಿದರೆ ಎರಡೂ ಬ್ಯಾಟರಿ ಸೇರುತ್ತವೆ, ಎಂಜಿನ್ ಓಡುವಾಗ ಎರಡೂ ಚಾರ್ಜ್ ಆಗುತ್ತವೆ. ಇನ್ನೊಂದು ಕಡೆಗೆ ತಿರುಗಿಸಿದರೆ ಬೇರೆಯಾಗುತ್ತವೆ. ಈ ಕೆಲಸ ತಾನಾಗಿ ಮಾಡುವ ರಿಲೇ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ ಎಂದರು ಕಮಲೇಶ್. ಸಮುದ್ರದ ಮಧ್ಯೆ ಅದು ಕೈಕೊಟ್ಟರೆ ಯಾರನ್ನು ಕೇಳುವುದು ಎಂದರು ಮಾವ. ಸಮುದ್ರವೇ ಇಲ್ಲ ಎಂದು ಮತ್ತೆ ನೆನಪಿಸುವ ಧೈರ್ಯ ನನಗಿರಲಿಲ್ಲ.

ಆದರೆ ಒಂದು ಹಟ ನಾನೂ ಹಿಡಿದೆ. ಗುಡ್ಡಕ್ಕೆ ಹೋಗುವ ಮೊದಲು ಈ ಅಂಗಳದಲ್ಲೇ, ಜೀಪಿನೊಳಗೆ, ಒಂದು ಇಡೀ ನಿದ್ದೆ ಮಾಡಿ ತೋರಿಸಬೇಕು. ಕಮಲೇಶ್ ಒಪ್ಪಿದರು. ಇದು ಆಗದಿದ್ದರೆ ಮತ್ತೆ ಮಾತಿಲ್ಲ, ಜೀಪು ಮಾರುವುದೇ ಎಂದೂ ಸೇರಿಸಿದರು.

ಪರೀಕ್ಷೆಯ ದಿನ ಡಕ್ಕೆಯಿಂದ ಜೀಪಿನಲ್ಲೇ ಬಂದರು. ಮರದಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಫ್ಯಾನು, ಫ್ರಿಜ್ಜು, ಮಿಶಿನು ಎಲ್ಲ ಹಾಕಿ ಹಿಂದೆ ಹಾಸಿಗೆಯಲ್ಲಿ ಮಲಗಿದರು. ಮಾವ ಯಾವುದೋ ಬೋಟು ನೋಡಲು ಬಂದರಿಗೆ ಹೋದರು. ನಾನು ಜಗಲಿಯಲ್ಲಿ ಹೊಲಿಯುತ್ತ ಕೂತೆ. ಸುಯ್ ಎನ್ನುವ ಸದ್ದು ಅಂಗಳದಿಂದಲೂ ಸಣ್ಣಗೆ ಕೇಳುತ್ತಿತ್ತು. ಎಷ್ಟೋ ಹೊತ್ತು ಎಲ್ಲ ಚೆನ್ನಾಗಿಯೇ ಇತ್ತು.

ಊಟದ ಹೊತ್ತು ದಾಟಿದ ಮೇಲೆ ಒಂದು ತೋಳು ಜೋಡಿಸಿ ಕಾಲು ನಿಲ್ಲಿಸಿದೆ. ಅಂಗಳದಲ್ಲಿ ಏನೂ ಕೇಳಲಿಲ್ಲ. ಓಡಿದೆ. ಫ್ಯಾನು ನಿಂತಿತ್ತು, ಮಿಶಿನಿನ ದೀಪ ಆರಿತ್ತು, ಮಾಸ್ಕಿನ ಕೆಳಗೆ ಅವರ ಬಾಯಿ ತೆರೆದಿತ್ತು, ಎದೆ ಏಳುತ್ತಿರಲಿಲ್ಲ. ಮಾಸ್ಕು ಕಿತ್ತು ಭುಜ ಹಿಡಿದು ಅಲುಗಿಸಿದೆ. ಒಮ್ಮೆ ಗಂಟಲಲ್ಲಿ ಸದ್ದಾಗಿ ಉಸಿರು ಎಳೆದುಕೊಂಡು ಕಣ್ಣುಬಿಟ್ಟರು.

ಕಮಲೇಶ್ ಮುಂದೆ ಹೋಗಿ ಕೀ ತಿರುಗಿಸಿದರು. ಟಿಕ್ ಎಂದಿತು, ಅಷ್ಟೇ. ಎಂಜಿನಿನ ಬ್ಯಾಟರಿಯೂ ಸತ್ತಿತ್ತು. ಅವರು ಪೈಪು ಸುತ್ತಿಟ್ಟರು. ಬೈದಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಮಾವ ಬಂದವರು ನೇರ ಕೆಂಪು ತಿರುಗಣೆ ನೋಡಿದರು. ಅದು ಎರಡೂ ಬ್ಯಾಟರಿ ಸೇರುವ ಕಡೆಗೇ ಇತ್ತು. ಎಂಜಿನ್ ಆಫ್ ಆದ ಮೇಲೆ ಯಾರೂ ಅದನ್ನು ತಿರುಗಿಸಿರಲಿಲ್ಲ, ಫ್ಯಾನು ಫ್ರಿಜ್ಜು ಸೇರಿ ಎರಡನ್ನೂ ಕುಡಿದು ಮುಗಿಸಿದ್ದವು.

"ಕಾವಲಿಗೆ ಯಾರಿದ್ದರು?" ಎಂದು ಕೇಳಿದರು ಮಾವ.

ಎಂತ ಕಾವಲು ಎಂದು ಕಮಲೇಶ್ ತಿರುಗಿ ಕೇಳಿದರು. ಮಾವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬೋಟಿನಲ್ಲಿ ಎಲ್ಲರೂ ಒಟ್ಟಿಗೆ ಮಲಗುವುದು ಎಂದೇ ಇಲ್ಲ. ಒಬ್ಬ ಎಚ್ಚರ ಇದ್ದೇ ಇರುತ್ತಾನೆ, ತಿರುಗಣೆ ಅವನ ಕೆಲಸ. ಅದನ್ನು ಅವರು ಯಾವ ಬೋಟಿನವರಿಗೂ ಹೇಳಿಕೊಟ್ಟದ್ದಿಲ್ಲ, ನಮಗೂ ಹೇಳಿರಲಿಲ್ಲ. ಮಲಗುವವನ ಪಕ್ಕ ಎಚ್ಚರ ಇರುವವನು ಒಬ್ಬ ಇರುತ್ತಾನೆ ಎಂದುಕೊಂಡೇ ವಯರಿಂಗ್ ಮಾಡಿದ್ದರು.

ಅಷ್ಟು ಹೊತ್ತು ತಡೆದುಕೊಂಡದ್ದು ಆಗ ನನ್ನ ಬಾಯಿಂದ ಬಂತು.

"ಕಾವಲಿಗೆ ನಾನಿದ್ದೆ ಮಾವ. ಮದುವೆ ಆದಾಗಿನಿಂದ ನಾನೇ ಇರುವುದು. ಬೇರೆ ಯಾರಿದ್ದಾರೆ?"

ಹೇಳಿದ ಮೇಲೆ ಅಳು ಬಂತು. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ಕಮಲೇಶ್ ನನ್ನನ್ನೇ ನೋಡುತ್ತ ನಿಂತಿದ್ದರು. ಅವರು ಮಲಗಿದಾಗ ಮಾತ್ರ ನಡೆಯುವ ಆ ಕೆಲಸ ಅವರಿಗೆ ಹೇಗೆ ಗೊತ್ತಿರಬೇಕು? ಮಾವ ಸ್ಕ್ರೂಡ್ರೈವರ್ ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು.

ಮರುದಿನ ಮಾವನೇ ಪೇಟೆಗೆ ಹೋಗಿ ತಾನಾಗಿ ಕೆಲಸ ಮಾಡುವ ಆ ರಿಲೇ ಪೆಟ್ಟಿಗೆ ತಂದರು. ಎಂಜಿನ್ ಓಡಿದರೆ ಬ್ಯಾಟರಿಗಳು ತಾವೇ ಸೇರುತ್ತವೆ, ನಿಂತರೆ ತಾವೇ ಬೇರೆಯಾಗುತ್ತವೆ. ಜೀವಮಾನವಿಡೀ ಅದನ್ನು ಬೈದ ಮನುಷ್ಯ, ಕೆಂಪು ತಿರುಗಣೆ ಬಿಚ್ಚಿ ಅದರ ಜಾಗಕ್ಕೆ ಅದನ್ನು ಕೂರಿಸಿದರು. ಫ್ರಿಜ್ಜಿನ ವಯರನ್ನೂ ಕಿತ್ತರು. ಗುಡ್ಡಕ್ಕೆ ಹೋಗುವವರು ಬಿಸಿ ನೀರೇ ಕುಡಿಯಲಿ ಎಂದರು.

ಎರಡನೇ ಪರೀಕ್ಷೆಗೆ ನಾನು ಹೊಲಿಗೆ ಮಿಶಿನಿನ ಹತ್ತಿರ ಹೋಗಲು ಹೊರಟಾಗ ಮಾವ ಜೀಪಿನ ಹಿಂದಿನ ಬಾಗಿಲು ತೆರೆದು ನಿಂತಿದ್ದರು. ಪಕ್ಕದಲ್ಲಿ ಮಡಚುವ ಕುರ್ಚಿಯೊಂದು ಇತ್ತು.

"ನೀನೂ ಮಲಗು ಮಗಾ," ಎಂದರು. "ಇವತ್ತು ಕಾವಲಿಗೆ ನಾನಿದ್ದೇನೆ."

ಮಾವ ಎಚ್ಚರ ಕೂತಿರುವಾಗ ಸೊಸೆ ಹಗಲು ಹೊತ್ತು ಮಲಗುವುದೇ ಎಂದು ನಾಚಿಕೆಯಾಯಿತು. ಜೊತೆಗೆ ಬ್ಲೌಸುಗಳು ರಾಶಿ ಬಿದ್ದಿದ್ದವು. ಆದರೂ ಹತ್ತಿದೆ. ಕಮಲೇಶ್ ಸರಿದು ಜಾಗ ಕೊಟ್ಟರು, ಮಾಸ್ಕು ಹಾಕಿಕೊಂಡರು, ಸುಯ್ ಶುರುವಾಯಿತು. ಎಲೆಗಳ ನೆರಳು ಗಾಜಿನ ಮೇಲೆ ಆಡುತ್ತಿತ್ತು. ಹೊರಗೆ ಮಾವ ಕೆಮ್ಮಿದ್ದು ಕೇಳಿತು. ಒಮ್ಮೆ ಕಿವಿ ಕೊಟ್ಟೆ, ಇನ್ನೊಮ್ಮೆ ಕೊಡೋಣ ಎಂದುಕೊಂಡೆ. ಆಮೇಲೆ ನನಗೆ ನೆನಪಿಲ್ಲ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಗಾಬರಿಯಿಂದ ಕೈ ಚಾಚಿದರೆ ಪಕ್ಕದಲ್ಲಿ ಯಾರೂ ಇಲ್ಲ. ಎದ್ದು ನೋಡಿದೆ. ಅಂಗಳದಲ್ಲಿ ಮಾವ ಕುರ್ಚಿಯಲ್ಲಿ, ಕಮಲೇಶ್ ಮೆಟ್ಟಿಲಲ್ಲಿ, ಇಬ್ಬರೂ ಸದ್ದಿಲ್ಲದೆ ಚಹಾ ಕುಡಿಯುತ್ತಿದ್ದರು. ಮಿಶಿನು ಕೊನೆಯವರೆಗೂ ಓಡಿತೇ, ಜೀಪು ಸ್ಟಾರ್ಟ್ ಆಯಿತೇ ಎಂದು ಕೇಳಿದೆ. ಮಿಶಿನು ಓಡಿತು, ಜೀಪು ಇನ್ನೂ ಸ್ಟಾರ್ಟ್ ಮಾಡಿ ನೋಡಿಲ್ಲ, ನಿನಗೆ ಎಚ್ಚರವಾದೀತು ಎಂದು ಕಾದಿದ್ದೇವೆ ಎಂದರು ಮಾವ. ಕಮಲೇಶ್ ಬಂದು ಕೀ ತಿರುಗಿಸಿದರು. ಒಂದೇ ಸಲಕ್ಕೆ ಎಂಜಿನ್ ಎದ್ದು ಗುಡುಗಿತು.

ಆ ಸದ್ದಿನಲ್ಲೇ ಅವರು ಮುಖೇಶ್‌ಗೆ ಫೋನ್ ಮಾಡಿದರು. ನಾನು ಉಸಿರು ಹಿಡಿದು ಕೇಳಿದೆ, ಈ ಸಲ ಬೇರೆ ಕಾರಣಕ್ಕೆ.

"ಮುಖೇಶ್, ನಾನು ಬರ್ತೇನೆ ಮಾರಾಯ. ಒಂದು ವಿಷಯ ಉಂಟು. ನಿದ್ದೆ ಮಾಡುವಾಗ ನನಗೆ ಮೂಗಿಗೆ ಮಿಶಿನ್ ಹಾಕ್ಬೇಕು, ಇಲ್ಲದಿದ್ದರೆ ಉಸಿರು ನಿಲ್ತದೆ. ಇಷ್ಟು ದಿನ ಹೇಳ್ಲಿಲ್ಲ. ಮತ್ತೆ, ಸೌಜನ್ಯನೂ ಬರ್ತಾಳೆ." ನನ್ನ ಕಡೆ ತಿರುಗಿ ನೋಡಿದರು. "ನನ್ನ ಮಿಶಿನಿನಿಂದ ನಿಮಗೆ ತೊಂದರೆ ಇಲ್ಲ. ಅವಳ ಗೊರಕೆ ಮಾತ್ರ ಜೋರು ಉಂಟು."

ಮುಖೇಶ್ ಆ ಕಡೆಯಿಂದ ಎಂತ ಹೇಳಿದರೋ, ಇವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಗೊರಕೆ ಹೊಡೆಯುವವಳೇ ಅಲ್ಲ ಎಂದು ಮಾವನ ಹತ್ತಿರ ದೂರು ಹೇಳಿದೆ. ಮಾವ ಮಾತ್ರ, ಮಧ್ಯಾಹ್ನವಿಡೀ ಕೇಳಿದ್ದೇನೆ, ಒಮ್ಮೆಯೂ ನಿಲ್ಲಲಿಲ್ಲ ಎಂದು ಹೇಳಿ, ಕುರ್ಚಿ ಮಡಚಿಕೊಂಡು ಒಳಗೆ ಹೋದರು.